ಮಳೆ ತೊಳೆದ ಕಲ್ಲುಗಳು

ಫ್ರಿಜ್ಜಿನ ಬಾಗಿಲನ್ನು ಅಗಲವಾಗಿ ತೆರೆದಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಒಂದೊಂದೇ ಖಾನೆ ಒರೆಸುತ್ತಾ ಅತ್ತೆ ಗೊಣಗುತ್ತಿದ್ದರು. ಅತ್ತೆಯ ಗೊಣಗಾಟದಲ್ಲಿ ಎರಡು ಜಾತಿ. ಒಂದು ಸಿಟ್ಟಿನದು, ಇನ್ನೊಂದು ಸಂತೋಷ ತಡೆಯಲಾರದ್ದು. ಇವತ್ತಿನದು ಎರಡನೆಯದು.

“ಈ ಮನೆಗೆ ಬಂದಾಗಿನಿಂದ ಇವತ್ತೇ ನೋಡು ಇದು ಫ್ರಿಜ್ ಥರ ಕಾಣ್ತಿರೋದು. ಒಂದೇ ಒಂದು ಡಬ್ಬಿ ಇಲ್ಲ. ಹೊಳೆಗೆ ಹೋಗಿ ಬರಿಗೈಲಿ ಬರೋ ಬುದ್ಧಿ ನಮ್ಮ ಸೊಸೆಗೆ ಕೊನೆಗೂ ಬಂತಲ್ಲ.”

ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕಳು. ನಗಬೇಕಲ್ಲ ಎಂದು ನಕ್ಕಳು. ಬರಿಗೈ ಎಂಬ ಮಾತು ತಾಗಬೇಕಾದ ಕಡೆಯೇ ತಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ಇವಳು ಲೋಟ ಕೆಳಗಿಟ್ಟು ಕೈ ನೋಡಿಕೊಂಡಳು.

ಆ ಡಬ್ಬಿಗಳ ಕಥೆ ಹೇಳದಿದ್ದರೆ ಇದು ಯಾರಿಗೂ ಅರ್ಥವಾಗುವುದಿಲ್ಲ. ಅವಳ ಕೆಲಸ ಕಾಡು ಹೊಳೆಗಳಲ್ಲಿ ಪ್ರಾಣಿ ಹುಡುಕುವುದು. ಎಲ್ಲಾದರೂ ಗಣಿಯೋ ಅಣೆಕಟ್ಟೋ ಬರುತ್ತದೆ ಎಂದರೆ, ಗುದ್ದಲಿ ಬೀಳುವ ಮೊದಲು ಅಲ್ಲಿ ಏನೇನು ಜೀವ ಇದೆ ಎಂದು ನೋಡಿ ಬರೆದಿಡಬೇಕು. ಮೂಲಸ್ಥಿತಿ ಸಮೀಕ್ಷೆ ಎಂದು ಅದಕ್ಕೆ ದೊಡ್ಡ ಹೆಸರು. ನಾಳೆ ಏನು ಹಾಳಾಯಿತು ಎಂದು ಅಳೆಯಬೇಕಾದರೆ ಇವತ್ತು ಏನಿತ್ತು ಎಂಬುದು ಗೊತ್ತಿರಬೇಕಲ್ಲ. ಇದೆ ಎಂದು ಬರೆದ ಪ್ರಾಣಿಗೆ ಗಣಿಯವರು ಜಾಗ ಬಿಡಬೇಕಾಗುತ್ತದೆ, ಇಲ್ಲವೇ ಯೋಜನೆಯನ್ನೇ ಬದಲಿಸಬೇಕಾಗುತ್ತದೆ. ಇಲ್ಲ ಎಂದು ಬರೆದ ಪ್ರಾಣಿ ಆಮೇಲೆ ಸತ್ತರೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಇಲ್ಲದ್ದು ಸಾಯುವುದು ಹೇಗೆ?

ಅವಳ ಕೈ ಪಳಗಿದ್ದು ನೀರುನಾಯಿಯಲ್ಲಿ. ನೀರುನಾಯಿ ಸುಲಭಕ್ಕೆ ಕಣ್ಣಿಗೆ ಬೀಳುವ ಪ್ರಾಣಿಯಲ್ಲ. ಆದರೆ ಅದಕ್ಕೊಂದು ಅಭ್ಯಾಸವಿದೆ. ಹೊಳೆಯ ನಡುವಿನ ಎತ್ತರದ ಕಲ್ಲು ಹುಡುಕಿ ಅದರ ಮೇಲೆ ಹಿಕ್ಕೆ ಹಾಕಿ, ಇದು ನಮ್ಮ ಜಾಗ ಎಂದು ನೆಂಟರಿಷ್ಟರಿಗೆಲ್ಲ ಸಾರುತ್ತದೆ. ಮೀನಿನ ಮುಳ್ಳು, ಏಡಿಯ ಚಿಪ್ಪು ತುಂಬಿದ ಆ ಹಿಕ್ಕೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಅವಳು ಕಲ್ಲಿಂದ ಕಲ್ಲಿಗೆ ಹೋಗಿ, ಬಗ್ಗಿ, ಮೂಸಿ, ಡಬ್ಬಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಪರೀಕ್ಷೆಗೆ ಕಳಿಸುವವರೆಗೆ ಅದು ಮನೆಯ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇರುತ್ತಿತ್ತು. ಅತ್ತೆ ಒಮ್ಮೆ ಒಣಮೀನೆಂದು ತಿಳಿದು ಬಾಣಲೆಗೆ ಹಾಕುವುದೊಂದು ಬಾಕಿ. ಆ ದಿನದ ರಂಪ ಬೀದಿಯವರಿಗೆಲ್ಲ ಕೇಳಿಸಿತು. ಅವತ್ತಿನಿಂದ ಅವಳು ಎಲ್ಲರಿಗೂ ಹಿಕ್ಕೆ ಮೇಡಂ. ಕಚೇರಿಯಲ್ಲೂ ಅದೇ ಹೆಸರು ನಿಂತಿತು. ಅವಳಿಗೆ ಬೇಸರವಿರಲಿಲ್ಲ, ಗಳಿಸಿದ ಬಿರುದು, ಸುಮ್ಮನೆ ಬಂದದ್ದಲ್ಲ.

ಅಂಥವಳು ಈ ಸಲ ಬರಿಗೈಲಿ ಬಂದಿದ್ದಳು.

ಗುಡ್ಡದ ಬುಡದಲ್ಲಿ ಒಂದು ಸಣ್ಣ ಪಟ್ಟಣ, ಅದರ ಬೆನ್ನಿಗೇ ಹರಿಯುವ ಒಂದು ಹೊಳೆ. ಗುಡ್ಡದಲ್ಲಿ ಅದಿರಿದೆ. ಗಣಿ ಬಂದರೆ ಹೊಳೆಯ ಮೇಲ್ಭಾಗವನ್ನು ಬೇರೆ ಕಡೆಗೆ ತಿರುಗಿಸಿ, ಹಳೆಯ ಪಾತ್ರಕ್ಕೆ ಮಣ್ಣು ಸುರಿಯುವುದು ಯೋಜನೆ. ಸಮೀಕ್ಷೆಗೆ ಅವಳ ತಂಡ ಹೋದಾಗ ಬೇಸಗೆ. ಕಲ್ಲುಗಳೆಲ್ಲ ಒಣಗಿ, ಹುಡುಕಲಿಕ್ಕೆ ಹೇಳಿ ಮಾಡಿಸಿದಂಥ ಕಾಲ. ಆದರೆ ಇವರು ಕಾಲಿಟ್ಟ ದಿನವೇ ಅಕಾಲದ ಮಳೆ ಹಿಡಿದುಕೊಂಡಿತು. ಉಳಿದವರು ಹಕ್ಕಿ, ಗಿಡ ಎಂದು ಸಿಕ್ಕಿದ್ದನ್ನು ಮುಗಿಸುತ್ತಿದ್ದರೆ, ಇವಳು ಬಾಡಿಗೆ ಕೋಣೆಯ ಕಿಟಕಿಯಲ್ಲಿ ಕುಳಿತು ಹೊಳೆ ಕೆಂಪಾಗಿ ಉಕ್ಕುವುದನ್ನು ನೋಡುತ್ತಿದ್ದಳು.

ಮಳೆ ನಿಂತ ಮೇಲೆ ಕಾಯಬೇಕು. ಹಳೆಯ ಹಿಕ್ಕೆಯನ್ನೆಲ್ಲ ನೀರು ತೊಳೆದುಕೊಂಡು ಹೋಗಿರುತ್ತದೆ. ಪ್ರಾಣಿ ಮತ್ತೆ ಬಂದು, ಮತ್ತೆ ಗುರುತು ಹಾಕಲು ಒಂದು ವಾರವಾದರೂ ಕೊಡಬೇಕು. ಇದು ಅವಳಿಗೆ ಯಾರೋ ಹೇಳಿಕೊಟ್ಟ ಪಾಠವಲ್ಲ, ಅವಳೇ ಬೇರೆಯವರಿಗೆ ಹೇಳಿಕೊಡುತ್ತಿದ್ದ ಪಾಠ. ತರಬೇತಿಯಲ್ಲಿ ಪ್ರತಿ ಸಲವೂ ಒಂದೇ ಮಾತು: ತೊಳೆದಿಟ್ಟ ತಟ್ಟೆ ನೋಡಿ, ಈ ಮನೆಯಲ್ಲಿ ಯಾರೂ ಊಟವನ್ನೇ ಮಾಡುವುದಿಲ್ಲ ಎಂದುಬಿಡಬೇಡಿ. ಎಲ್ಲರೂ ನಗುತ್ತಿದ್ದರು, ಬರೆದುಕೊಳ್ಳುತ್ತಿದ್ದರು.

ಮಳೆ ನಿಂತದ್ದು ಒಂದು ಸಂಜೆ. ಆವತ್ತೇ ಕಚೇರಿ ನಡೆಸುವ ಯಜಮಾನರ ಫೋನು. ಜೀಪು ಬೇರೆ ಕೆಲಸಕ್ಕೆ ಬೇಕು, ವರದಿಗೆ ಗಣಿಯವರು ಕುತ್ತಿಗೆಯ ಮೇಲೆ ಕೂತಿದ್ದಾರೆ, ಇದೊಂದು ಮುಗಿದರೆ ಮುಂದಿನ ಕೆಲಸಕ್ಕೆ ನೀನೇ ತಂಡದ ಮುಖ್ಯಸ್ಥೆ ಎಂದರು. ಅದಾದ ಮೇಲೆ ತಮ್ಮನ ಫೋನು. ತಮ್ಮ ಮಣ್ಣು ಅಗೆಯುವ ದೊಡ್ಡ ಯಂತ್ರ ಓಡಿಸುವವನು. ಅವನು ಕೆಲಸ ಮಾಡುತ್ತಿದ್ದ ಕಲ್ಲುಗಣಿ ಮುಚ್ಚಿ, ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ಬಂದು ಸೇರಿದ್ದ. ಈ ಹೊಸ ಗಣಿಯಲ್ಲಿ ಅವನಿಗೆ ಕೆಲಸ ಕೊಡುವುದಾಗಿ ಮಾತಾಗಿತ್ತು. ನಿನ್ನ ಕೆಲಸ ಮುಗಿದರೆ ನಮ್ಮ ಕೆಲಸ ಶುರು ಅಕ್ಕ ಎಂದು ಅವನು ನಗುತ್ತಲೇ ಹೇಳಿದ.

ಮರುದಿನ ಬೆಳಗ್ಗೆ ಅವಳು ಹೊಳೆಗೆ ಇಳಿದಳು.

ಗೊತ್ತಿಲ್ಲದೆ ಇಳಿದಳು ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು. ಆಕಾಶ ತಿಳಿಯಾಗಿತ್ತು, ಬಿಸಿಲು ಬಿದ್ದಿತ್ತು, ಕಲ್ಲುಗಳು ಆಗ ತಾನೇ ಉಜ್ಜಿಟ್ಟ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ಅವಳು ಎರಡೂ ದಡ ನಡೆದಳು. ಒಂದು ಕಲ್ಲನ್ನೂ ಬಿಡಲಿಲ್ಲ. ಬಗ್ಗಿದಳು, ಮೂಸಿದಳು, ಒದ್ದೆ ಕಲ್ಲಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ಇವಳು ಕಣ್ಣು ತೆರೆದುಕೊಂಡೇ ಕುಡಿದಳು. ವರದಿಯಲ್ಲಿ ಬರೆದದ್ದೆಲ್ಲ ನಿಜವೇ. ಹೊಳೆಯನ್ನು ಪೂರ್ತಿ ಹುಡುಕಲಾಗಿದೆ, ನಿಜ. ಸಮೀಕ್ಷೆಯ ದಿನ ಆಕಾಶ ಶುಭ್ರವಾಗಿತ್ತು, ಅದೂ ನಿಜ. ನೀರುನಾಯಿಯ ಕುರುಹು ಕಂಡುಬಂದಿಲ್ಲ. ಹಿಂದಿನ ಸಂಜೆಯ ತನಕ ಸುರಿದ ಮಳೆಯನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಲಿಲ್ಲ.

ವರದಿ ಹೋಯಿತು. ಕಚೇರಿಯಲ್ಲಿ ಎಲ್ಲರೂ ಕೈ ಕುಲುಕಿದರು. ತಮ್ಮ ತನ್ನ ಹಳೆಯ ಕೆಲಸದ ಅಂಗಿಗೆ ಗುಂಡಿ ಹೊಲಿಸಿಕೊಂಡ. ಇವಳಿಗೆ ಮಾತ್ರ ಊಟ ಸೇರಲಿಲ್ಲ. ಊಟಕ್ಕೆ ಕೂತರೆ ತಟ್ಟೆ ಕಾಣುತ್ತದೆ, ತಟ್ಟೆ ಕಂಡರೆ ತನ್ನದೇ ಪಾಠ ನೆನಪಾಗುತ್ತದೆ. ಅತ್ತೆ ಫ್ರಿಜ್ ಒರೆಸಿದರೂ ಅವಳಿಗೆ ಅದು ಆರೋಪದ ಹಾಗೆ ಕೇಳಿಸುತ್ತದೆ.

ಕೊನೆಗೆ ಒಂದು ದಿನ ಯಜಮಾನರ ಕೋಣೆಗೆ ಹೋಗಿ ಹೇಳಿಬಿಟ್ಟಳು. ಯಜಮಾನರು ಕೆಟ್ಟವರಲ್ಲ. ಪ್ರಾಯದಲ್ಲಿ ಅವರೂ ಗುಡ್ಡ ಹತ್ತಿ ಇಳಿದವರೇ. ಈಗ ಮಂಡಿ ಹೋಗಿದೆ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡೇ ಮಾತಾಡುತ್ತಾರೆ. ಎಲ್ಲ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀನು ಸುಳ್ಳು ಬರೆದಿದ್ದೀಯಾ?”

“ಇಲ್ಲ ಸಾರ್.”

“ಹುಡುಕಿದೆ ಅಂತ ಬರೆದೆ, ಹುಡುಕಿದೀಯ. ಸಿಗಲಿಲ್ಲ ಅಂತ ಬರೆದೆ, ಸಿಗಲಿಲ್ಲ. ಎರಡೂ ನಿಜ ತಾನೇ?”

“ಎರಡು ನಿಜ ಸೇರಿ ಒಂದು ಸುಳ್ಳಾಗಿದೆ ಸಾರ್.”

ಅವರು ಮಂಡಿ ನೀವಿಕೊಂಡರು. ಆಮೇಲೆ ಮೆಲ್ಲಗೆ ತಮ್ಮ ಪಾಡು ಹೇಳಿದರು. ಈ ಕೆಲಸ ನಾವು ಬಿಟ್ಟರೆ ಗಣಿಯವರು ಇನ್ನೊಬ್ಬರನ್ನು ಹಿಡಿಯುತ್ತಾರೆ, ಆ ಇನ್ನೊಬ್ಬರು ಹೊಳೆಗೆ ಇಳಿಯುವುದೂ ಇಲ್ಲ, ಕುರ್ಚಿಯಲ್ಲೇ ಕೂತು ಬರೆಯುತ್ತಾರೆ. ನಾವಾದರೂ ಹಕ್ಕಿಗಳ ಗೂಡಿನ ಮರಗಳನ್ನು ಉಳಿಸಿಲ್ಲವೇ? ಒಂದು ಕಡೆ ಬಿಟ್ಟುಕೊಟ್ಟರೇ ಇನ್ನೊಂದು ಕಡೆ ಉಳಿಸುವುದಕ್ಕೆ ಆಗುವುದು. ಈ ಕಚೇರಿಯಲ್ಲಿ ಎಷ್ಟು ಮನೆಗಳ ಒಲೆ ಉರಿಯುತ್ತದೆ ಎಂಬುದು ನಿನಗೂ ಗೊತ್ತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಅವಳು ಸಮಾಧಾನವಿಲ್ಲದೆ ಹೊರಗೆ ಬಂದಳು.

ಗಣಿಗೆ ಒಪ್ಪಿಗೆ ಕೊಡುವ ಮೊದಲು ಊರವರ ಮುಂದೆ ವರದಿ ಓದಿ ಹೇಳಿ, ಅವರ ಅಹವಾಲು ಕೇಳಬೇಕೆಂಬುದು ನಿಯಮ. ಸಭೆಯ ಹಿಂದಿನ ದಿನ ಅವಳು ಆ ಪಟ್ಟಣಕ್ಕೆ ಹೊರಟಳು. ತಮ್ಮನೂ ಜೊತೆಗೆ ಬಂದ. ಕೆಲಸಕ್ಕೆ ಹೆಸರು ಕೊಟ್ಟವರೆಲ್ಲ ಸಭೆಯಲ್ಲಿರಲಿ ಎಂದು ಗಣಿಯವರು ಹೇಳಿ ಕಳಿಸಿದ್ದರು. ಬಸ್ಸಿನಲ್ಲಿ ಅವನ ಮುಖ ನೋಡಬೇಕಿತ್ತು. ಕಿಟಕಿಯಾಚೆ ಎಲ್ಲಾದರೂ ಮಣ್ಣು ಅಗೆಯುವ ಯಂತ್ರ ಕಂಡರೆ ಸಾಕು, ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಓಡಿಸುವವನಿಗೆ ಕೈ ಸರಿಯಿಲ್ಲ ಎಂದು ತಪ್ಪು ಹುಡುಕುತ್ತಿದ್ದ. ಆ ಯಂತ್ರದ ಹಲ್ಲುಳ್ಳ ಬಕೆಟ್ಟಿನಿಂದ ನೆಲದ ಮೇಲಿನ ಮೊಟ್ಟೆಯನ್ನು ಒಡೆಯದೆ ಎತ್ತಬಲ್ಲೆ ಎಂದು ಅವನು ಹಿಂದೊಮ್ಮೆ ಪಂಥ ಕಟ್ಟಿ ಗೆದ್ದಿದ್ದ. ಈಗ ಅದೇ ಕೈ ಅತ್ತೆಗೆ ಮಾರುಕಟ್ಟೆಯ ಚೀಲ ಹೊರುತ್ತದೆ. ಅತ್ತೆ ಒಂದು ದಿನವೂ ಒಂದು ಮಾತು ಆಡಿದವರಲ್ಲ. ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ.

ಅವರು ಇಳಿದುಕೊಂಡದ್ದು ಸಮೀಕ್ಷೆಯ ಸಮಯದಲ್ಲಿ ಅವಳು ಬಾಡಿಗೆಗಿದ್ದ ಮನೆಯಲ್ಲೇ. ಕೆಳಗೆ ಹೊಲಿಗೆ ಅಂಗಡಿ, ಮೇಲೆ ಎರಡು ಕೋಣೆ. ಅಂಗಡಿ ನಡೆಸುವಾಕೆಯನ್ನು ಪಟ್ಟಣವೆಲ್ಲ ದರ್ಜಿ ಅಮ್ಮ ಎನ್ನುತ್ತಿತ್ತು. ಹಿಂದಿನ ಸಲ ಇಡೀ ಮಳೆಗಾಲವೇ ಇಳಿದುಬಂದಂತಿದ್ದಾಗ ಇವಳ ಒದ್ದೆ ಬಟ್ಟೆಗಳನ್ನು ಇಸ್ತ್ರಿ ಪೆಟ್ಟಿಗೆಯಲ್ಲಿ ಒಣಗಿಸಿಕೊಟ್ಟವರು ಅವರೇ. ಸೂಜಿಗೆ ದಾರ ಪೋಣಿಸುವಾಗಲೂ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುವಂಥ ಹೆಂಗಸು. ಮಾತಿನಲ್ಲಿ ಗಂಟು ಬಿದ್ದರೂ ದಾರದಲ್ಲಿ ಬೀಳುತ್ತಿರಲಿಲ್ಲ.

ಈ ಸಲ ಅವರ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕವಿತ್ತು. ಯಂತ್ರದ ಮೇಲೆ ದಿಂಬಿನ ಚೀಲ, ಪರದೆಯಂಥ ಒರಟು ಕೆಲಸ. ಕಸೂತಿಯ ಚೌಕಟ್ಟು ಗೋಡೆಗೆ ಒರಗಿ ಧೂಳು ತಿನ್ನುತ್ತಿತ್ತು.

“ಕನ್ನಡಕ ಯಾವಾಗ ಬಂತಮ್ಮ?”

“ನಿಮ್ಮಿಂದಾನೇ ಬಂತು,” ಎಂದು ಅವರು ನಕ್ಕರು. ಆಮೇಲೆ ನಾಚಿಕೊಂಡು, ಹೊಲಿಗೆ ನಿಲ್ಲಿಸದೆಯೇ ಕಥೆ ಹೇಳಿದರು.

ಇವಳು ವಾಪಸು ಹೋಗಿ ಕೆಲವು ದಿನಗಳಾಗಿದ್ದವು. ಬಟ್ಟೆ ನೆನೆಹಾಕಲು ಹಿತ್ತಲ ಹೊಳೆಗೆ ಹೋದಾಗ, ಎದುರು ದಡದ ಕಲ್ಲಿನ ಮೇಲೆ ಏನೋ ಕಂಡಿತು. ಒದ್ದೆ ಮೈ, ಚಪ್ಪಟೆ ತಲೆ, ಬೆಕ್ಕಿಗಿದ್ದಂಥ ಮೀಸೆ. ಜೊತೆಗೆ ಎರಡು ಮರಿ. ಅಮ್ಮ ಮೀನು ಕಚ್ಚಿಕೊಂಡು ಬಂದರೆ ಮರಿಗಳು ಅದಕ್ಕಾಗಿ ಕಿತ್ತಾಡುತ್ತಿದ್ದವು. ದರ್ಜಿ ಅಮ್ಮ ಬಟ್ಟೆ ಅಲ್ಲೇ ಬಿಟ್ಟು ಓಡಿಬಂದು ಬೀದಿಗೆಲ್ಲ ಹೇಳಿದರು. ಸಭೆಯಲ್ಲೂ ಎದ್ದು ನಿಂತು ಹೇಳುತ್ತೇನೆ ಎಂದರು. ಅಷ್ಟರಲ್ಲಿ ವರದಿ ಬಂತು. ಓದಿದವರು ನಕ್ಕರು. ಮೂಸಿ ಮೂಸಿ ಹುಡುಕುವ ಮೇಡಮ್ಮಿಗೇ ಸಿಗಲಿಲ್ಲವಂತೆ, ಅಂಗಡಿಯಲ್ಲಿ ಕೂತವರಿಗೆ ಸಂಸಾರ ಸಮೇತ ದರ್ಶನವಾಯಿತಂತೆ. ಮದುವೆ ಉಡುಪು ಹೊಲಿಯಲು ಕೊಟ್ಟಿದ್ದ ಒಬ್ಬಳು ಬಂದು, ಇಲ್ಲದ್ದು ಕಾಣುವ ಕಣ್ಣಿಗೆ ಇರುವ ಹೊಲಿಗೆ ಕಂಡೀತೇ ಎಂದು ತಮಾಷೆ ಮಾಡುತ್ತಲೇ ಬಟ್ಟೆ ವಾಪಸು ತೆಗೆದುಕೊಂಡು ಹೋದಳು.

“ಅವರದೇನೂ ತಪ್ಪಿಲ್ಲ ಬಿಡಿ,” ಎಂದರು ದರ್ಜಿ ಅಮ್ಮ. “ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರಲ್ಲ. ಎರಡು ರಾತ್ರಿ ಯೋಚನೆ ಮಾಡಿದೆ. ನೀವು ಎಷ್ಟು ಕಷ್ಟಪಟ್ಟು ಹುಡುಕಿದಿರಿ ಅಂತ ನಾನೇ ಕಿಟಕೀಲಿ ನಿಂತು ನೋಡಿದೀನಿ. ಬಗ್ಗಿ ಬಗ್ಗಿ ಒಂದು ಕಲ್ಲೂ ಬಿಡಲಿಲ್ಲ ನೀವು. ನಿಮಗೇ ಸಿಗಲಿಲ್ಲ ಅಂದ್ರೆ ನನ್ನ ಕಣ್ಣೇ ಸರಿ ಇಲ್ಲ ಅಂತ ಡಾಕ್ಟರ ಹತ್ರ ಹೋದೆ. ಏನೂ ತೊಂದರೆ ಕಾಣ್ತಿಲ್ಲ, ವಯಸ್ಸಾಯ್ತಲ್ಲ, ಒಂದು ಕನ್ನಡಕ ಇರಲಿ ಅಂದ್ರು. ಹಾಕ್ಕೊಂಡಿದೀನಿ. ಸಣ್ಣ ಕೆಲಸ ಬಿಟ್ಟೆ. ಹೆಚ್ಚುಕಡಿಮೆ ಆದ್ರೆ ಇನ್ನೊಬ್ಬರ ಬಟ್ಟೆ ಹಾಳು.”

ಯಂತ್ರ ಕಟಕಟ ಓಡುತ್ತಲೇ ಇತ್ತು. ಹಿಕ್ಕೆ ಮೇಡಮ್ಮಿಗೆ ಕೂತಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪ್ರಾಣಿಗೆ ಮೋಸ ಮಾಡಿದೆ ಎಂದು ಅವಳು ಇಷ್ಟು ದಿನ ಕೊರಗುತ್ತಿದ್ದಳು. ಪ್ರಾಣಿಗೆ ಮುಖವಿರಲಿಲ್ಲ, ಹಾಗಾಗಿ ಆ ಕೊರಗಿಗೂ ಮುಖವಿರಲಿಲ್ಲ. ಈಗ ಎದುರಿಗೆ ಒಬ್ಬ ಹೆಂಗಸು ಕೂತಿದ್ದಾಳೆ. ತನ್ನ ಕಣ್ಣನ್ನೇ ನಂಬಿ ಬದುಕು ಹೊಲಿದುಕೊಂಡವಳು, ಇವಳ ಮಾತನ್ನು ನಂಬಿ ಆ ಕಣ್ಣನ್ನೇ ಕೈಬಿಟ್ಟಿದ್ದಾಳೆ. ಅಷ್ಟಾದರೂ ಇವಳ ಮೇಲೆ ಒಂದಿಷ್ಟು ಸಿಟ್ಟಿಲ್ಲ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಆ ಕ್ಷಣವೇ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆದರೆ ಹೊರಬಂದದ್ದು, ಕನ್ನಡಕ ನಿಮಗೆ ಒಪ್ಪುತ್ತದೆ ಅಮ್ಮ ಎಂಬ ಮಾತು. ತನ್ನ ಮೇಲೆ ತನಗೇ ಹೇಸಿಗೆಯಾಗಿ ಮೆಟ್ಟಿಲು ಹತ್ತಿ ಕೋಣೆಗೆ ಹೋದಳು.

ಸಂಜೆ ತಮ್ಮನನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋದಳು. ಸೇತುವೆಯ ಕಟ್ಟೆಯ ಮೇಲೆ ಕೂತು, ಏನನ್ನೂ ಮುಚ್ಚಿಡದೆ ಹೇಳಿದಳು. ನಾಳೆ ಸಭೆಯಲ್ಲೂ ಹೇಳುತ್ತೇನೆ ಎಂದಳು. ಅವನು ಕೇಳುತ್ತಾ ಕೇಳುತ್ತಾ ಕಟ್ಟೆಯಿಂದ ಇಳಿದು ನಿಂತ.

“ಹೇಳಿದ್ರೆ ಏನಾಗತ್ತೆ?”

“ಮತ್ತೆ ಸಮೀಕ್ಷೆ ಆಗಬೇಕು. ಇದೆ ಅಂತ ಸಿಕ್ಕಿದ್ರೆ ಹೊಳೆ ತಿರುಗಿಸೋ ಹಾಗಿಲ್ಲ. ಹೊಸ ಯೋಜನೆ, ಹೊಸ ಒಪ್ಪಿಗೆ. ಗಣಿ ಬರಬಹುದು, ತಡ ಆಗಬಹುದು. ಬರದೇನೂ ಇರಬಹುದು.”

“ಅಲ್ಲೀತನಕ ನಾನು ನಿಮ್ಮತ್ತೆ ಚೀಲ ಹೊರ್ತಾ ಇರಬೇಕು.”

ಅವಳು ಕಟ್ಟೆಯ ಪಾಚಿಯನ್ನು ಉಗುರಿನಿಂದ ಕೆರೆದಳು.

“ನಿನಗೆ ನೀರುನಾಯಿ ಮರಿ ಕಾಣತ್ತೆ ಅಕ್ಕ. ಬೆಳಗ್ಗೆ ಎದ್ದು ಎಲ್ಲಿಗೂ ಹೋಗೋಕೆ ಇಲ್ದೇ ಕೂತಿರೋ ನಾನು ಕಾಣಲ್ಲ. ಅಕ್ಕನ ಮನೆ ಊಟ ಎಷ್ಟು ದಿನ ರುಚಿ ಇರತ್ತೆ ಹೇಳು. ನಿನಗೆ ಪಾಪ ಅನ್ನಿಸ್ತಿದೆ, ಸರಿ. ಅದನ್ನ ತೊಳ್ಕೊಳೋಕೆ ನನ್ನ ಕೆಲಸಾನೇ ಬೇಕಾ? ಅಷ್ಟು ಗೊತ್ತಿದ್ದೋಳು ಆವತ್ತೇ ಒಂದು ವಾರ ಕಾದಿದ್ರೆ ಇವತ್ತು ಈ ರಗಳೇನೇ ಇರ್ತಿರಲಿಲ್ಲ. ಇದ್ರೆ ಇದೆ, ಇಲ್ದಿದ್ರೆ ಇಲ್ಲ ಅಂತ ಆಗ್ಲೇ ತೀರ್ಮಾನ ಆಗೋಗಿರೋದು.”

ಒಂದೊಂದು ಮಾತೂ ಸರಿಯಾಗಿತ್ತು, ಅದೇ ಕಷ್ಟ. ನಿನಗಾಗಿಯೇ ಆತುರಪಟ್ಟೆ ಎಂದು ಹೇಳುವ ಆಸೆಯಾಯಿತು. ಹೇಳಲಿಲ್ಲ. ಹೇಳಿದರೆ ತನ್ನ ತಪ್ಪನ್ನು ಅವನ ತಲೆಗೆ ಕಟ್ಟಿದಂತಾಗುತ್ತಿತ್ತು, ಅಷ್ಟಕ್ಕೂ ಅದು ಪೂರ್ತಿ ನಿಜವೂ ಅಲ್ಲ. ಮುಖ್ಯಸ್ಥೆಯ ಕುರ್ಚಿಯೂ ಆವತ್ತು ಕಣ್ಣ ಮುಂದೆ ಇತ್ತಲ್ಲ. ತಮ್ಮ ಅವಳನ್ನು ಅಲ್ಲೇ ಬಿಟ್ಟು ಸರಸರ ನಡೆದುಹೋದ. ಕೆಳಗೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಅವಳು ಕಲ್ಲುಗಳ ಕಡೆಗೆ ಒಮ್ಮೆಯೂ ನೋಡಲಿಲ್ಲ.

ಸಭೆ ನಡೆದದ್ದು ಶಾಲೆಯ ಸಭಾಂಗಣದಲ್ಲಿ. ಮೇಜಿನ ಹಿಂದೆ ಅಹವಾಲು ಕೇಳುವ ಅಧಿಕಾರಿ, ಅವರ ಪಕ್ಕದಲ್ಲಿ ಗಣಿಯವರು, ಅವರ ಪಕ್ಕದಲ್ಲಿ ಕಾಲು ಚಾಚಿಕೊಂಡು ಯಜಮಾನರು. ಎದುರಿಗೆ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಇರುಕಿಕೊಂಡ ದೊಡ್ಡವರು. ಒಂದು ಬದಿಯಲ್ಲಿ ಕೆಲಸಕ್ಕೆ ಹೆಸರು ಕೊಟ್ಟವರು, ಅವರ ನಡುವೆ ತಮ್ಮ. ಬಾಗಿಲ ಹತ್ತಿರ ದರ್ಜಿ ಅಮ್ಮ, ಮಡಿಲಲ್ಲಿ ಕೈ ಜೋಡಿಸಿಕೊಂಡು, ಪಾಠ ಕೇಳಲು ಬಂದವರ ಹಾಗೆ. ರಸ್ತೆ, ಧೂಳು, ಕೆಲಸ ಎಂದು ಎಷ್ಟೋ ಮಾತಾಯಿತು. ಕೆಲಸ ಬೇಕು ಎಂದವರ ಮಾತಿನಲ್ಲಿ ಹಸಿವಿತ್ತು, ಬೇಡ ಎಂದವರ ಮಾತಿನಲ್ಲಿ ಭಯವಿತ್ತು. ಆಮೇಲೆ ಪ್ರಾಣಿ ಪಕ್ಷಿಗಳ ಭಾಗ ಓದಲು ಅವಳನ್ನು ಕರೆದರು.

ಅವಳು ಗಿಡಮರ ಓದಿದಳು. ಹಕ್ಕಿ ಓದಿದಳು. ಜನ ಆಕಳಿಸಿದರು. ನೀರುನಾಯಿಯ ಸಾಲಿಗೆ ಬಂದಳು. ಓದಿದಳು. ಓದಿ ಕಾಗದಗಳನ್ನು ಮೇಜಿನ ಮೇಲಿಟ್ಟಳು.

“ಇಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಬಿಟ್ಟೋಳು ನಾನೇ. ನಾನು ಹೊಳೆಗೆ ಇಳಿದ ಹಿಂದಿನ ಸಂಜೆ ತನಕ ಮಳೆ ಹುಯ್ದಿತ್ತು. ಮಳೆ ತೊಳೆದ ಕಲ್ಲಿನ ಮೇಲೆ ನೀರುನಾಯಿ ಹುಡುಕಬಾರದು, ಸಿಗಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಕಿದೆ.”

ಈಗ ಯಾರೂ ಆಕಳಿಸಲಿಲ್ಲ. ಯಜಮಾನರು ಕಾಲನ್ನು ಮೆಲ್ಲಗೆ ಕೆಳಗಿಳಿಸಿದರು. ಅಧಿಕಾರಿ ಹುಬ್ಬು ಗಂಟಿಕ್ಕಿ, ಹಾಗಾದರೆ ನೀರುನಾಯಿ ಇದೆ ಎನ್ನುತ್ತೀರಾ ಎಂದು ಕೇಳಿದರು. ಇದೆ ಎಂದೂ ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದಳು ಅವಳು. ಇಲ್ಲ ಎಂದು ತಿಳಿಯುವಂತೆ ಬರೆದದ್ದು ತಪ್ಪು, ಅಷ್ಟು ಮಾತ್ರ ಹೇಳಬಲ್ಲೆ.

ಆಗ ಬಾಗಿಲ ಹತ್ತಿರ ಬೆಂಚು ಕಿರ್ರೆಂದಿತು. ದರ್ಜಿ ಅಮ್ಮ ಎದ್ದು ನಿಂತಿದ್ದರು.

“ಹಾಗಾದ್ರೆ ನಾನು ನೋಡಿದ್ದು?”

ಅವರು ಕೇಳಿದ್ದು ಅಧಿಕಾರಿಯನ್ನಲ್ಲ, ಅವಳನ್ನು. ಇಡೀ ಸಭೆ ತಿರುಗಿ ನೋಡಿತು. ಅವಳಿಗೆ ಆ ದಪ್ಪ ಗಾಜಿನ ಹಿಂದಿನ ಕಣ್ಣುಗಳನ್ನು ನೋಡುವ ಧೈರ್ಯ ಬರಲು ಸ್ವಲ್ಪ ಹೊತ್ತು ಬೇಕಾಯಿತು.

“ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಅಮ್ಮ. ನೀವು ನೋಡಿದ್ರಿ. ನಾನು ನೋಡಲಿಲ್ಲ. ತಪ್ಪಾಯ್ತು.”

ದರ್ಜಿ ಅಮ್ಮ ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಇವಳು ಕಾಯುತ್ತಿದ್ದ ಸಿಟ್ಟು ಈಗ ಬಂತು. “ಮದುವೆ ಬಟ್ಟೆ ವಾಪಸ್ ಕೊಟ್ಟೆ ನಾನು,” ಎಂದರು. ಅಷ್ಟೇ ಎಂದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಕಲ್ಲು, ಮೀಸೆ, ಮೀನು, ಕಿತ್ತಾಡುವ ಎರಡು ಮರಿ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಹೊಳೆಯ ಸಮೀಕ್ಷೆ ಸರಿಯಾದ ಕಾಲದಲ್ಲಿ ಮತ್ತೆ ಆಗಲಿ, ಅಲ್ಲಿಯವರೆಗೆ ಒಪ್ಪಿಗೆಯ ಮಾತಿಲ್ಲ ಎಂದು ಅಧಿಕಾರಿ ಬರೆಸಿದರು. ಕೆಲಸಕ್ಕೆ ಹೆಸರು ಕೊಟ್ಟವರ ಸಾಲಿನಿಂದ ಒಬ್ಬಿಬ್ಬರು ಅವಳನ್ನು ಬೈದುಕೊಂಡು ಎದ್ದುಹೋದರು. ತಮ್ಮ ಬೈಯಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಊರಿಗೆ ಬೇರೆ ಬಸ್ಸು ಹತ್ತಿದ.

ಯಜಮಾನರು ಕೂಗಾಡುತ್ತಾರೆ ಎಂದುಕೊಂಡಿದ್ದಳು. ಅವರು ಕೂಗಾಡಲಿಲ್ಲ. ಗಣಿಯವರು ಬಾಕಿ ಕೆಲಸಗಳನ್ನೆಲ್ಲ ಬೇರೆ ಕಚೇರಿಗೆ ಕೊಟ್ಟರು. ಮುಖ್ಯಸ್ಥೆಯ ಕುರ್ಚಿ ಇನ್ನೊಬ್ಬರಿಗೆ ಹೋಯಿತು. ಹೊಳೆಯ ವರದಿ ನಾವೇ ಕೊಟ್ಟದ್ದು, ಅದನ್ನು ನಾವೇ ಸರಿಮಾಡಬೇಕು, ಆ ಸಮೀಕ್ಷೆ ನಿನ್ನದೇ ಹೊಣೆ, ಜೀಪು ಕೊಡಲಾರೆ, ರಜೆ ಹಾಕಿ ಹೋಗಿ ಬಾ ಎಂದರು ಯಜಮಾನರು. ಅವಳು ಬಾಗಿಲ ತನಕ ಹೋದಾಗ ಹಿಂದಿನಿಂದ, ಎತ್ತರದ ಕಲ್ಲುಗಳನ್ನು ಮೊದಲು ನೋಡು ಎಂದರು. ಕಚೇರಿಯಲ್ಲಿ ಕೆಲವರು ಅವಳ ಜೊತೆ ಚಹಾಕ್ಕೆ ಬರುವುದನ್ನು ಬಿಟ್ಟರು. ಅವರ ಒಲೆಗೂ ತಾನು ನೀರು ಹೊಯ್ದಿದ್ದೇನೆ ಎಂಬುದು ಅವಳಿಗೂ ಗೊತ್ತಿತ್ತು. ಒಂದು ತಪ್ಪು ಒಪ್ಪಿಕೊಂಡ ಮಾತ್ರಕ್ಕೆ ಮನಸ್ಸು ಹೂವಾಗಿಬಿಡುತ್ತದೆ ಎನ್ನುವವರು ಒಪ್ಪಿಕೊಂಡು ನೋಡಿದವರಲ್ಲ.

ಮನೆಯಲ್ಲಿ ಇನ್ನೂ ಕಷ್ಟ. ತಮ್ಮ ಊಟಕ್ಕೆ ಬರುತ್ತಾನೆ, ಉಣ್ಣುತ್ತಾನೆ, ತಟ್ಟೆ ತೊಳೆದಿಟ್ಟು ಹೋಗುತ್ತಾನೆ. ಮಾತಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರಿದ್ದ ಹಾಗೆ. ಅತ್ತೆ ನಡುವೆ ನಿಂತು, ನಿನ್ನ ಅಕ್ಕನಿಗೆ ಉಪ್ಪು ಕೊಡು, ನಿನ್ನ ತಮ್ಮನಿಗೆ ನೀರು ಬೇಕಂತೆ ಎಂದು ಮಾತು ಸಾಗಿಸಿ ಸಾಗಿಸಿ ಸುಸ್ತಾದರು. ಆಗಾಗ ಮಳೆ ಬರುತ್ತಲೇ ಇತ್ತು. ಬಂದಾಗಲೆಲ್ಲ ಅವಳ ಹೋಗುವ ದಿನ ಮುಂದಕ್ಕೆ ಹೋಗುತ್ತಿತ್ತು. ಕಿಟಕಿಯಲ್ಲಿ ನಿಂತು ಆಕಾಶ ನೋಡುವುದೇ ಅವಳ ಕೆಲಸವಾಯಿತು. ಮುಂದಿನ ಕೋಣೆಯಲ್ಲಿ ತಮ್ಮನೂ ಕಿಟಕಿಯಲ್ಲಿ ನಿಲ್ಲುತ್ತಾನೆ ಎಂಬುದನ್ನು ಅವಳು ಗಮನಿಸಿರಲಿಲ್ಲ.

ಕೊನೆಗೆ ಮಳೆ ಬಿಟ್ಟಿತು. ಬಿಸಿಲು ಕಾದು, ಹಿತ್ತಲ ಕಲ್ಲು ಬೆಳ್ಳಗಾಗಿ, ಬಟ್ಟೆ ಒಂದೇ ಹೊತ್ತಿಗೆ ಒಣಗತೊಡಗಿತು. ಒಂದು ಬೆಳಗ್ಗೆ ಅವಳು ಚೀಲ ಹೆಗಲಿಗೇರಿಸಿ ಅಡುಗೆಮನೆಗೆ ಬಂದಾಗ, ಮೇಜಿನ ಮೇಲೆ ಅವಳ ಹಳೆಯ ಡಬ್ಬಿಗಳು ಸಾಲಾಗಿ ಕೂತಿದ್ದವು. ಎಲ್ಲವನ್ನೂ ತೊಳೆದು ಒಣಗಿಸಲಾಗಿತ್ತು.

“ಕೆಳಗಿನ ಖಾನೆ ಖಾಲಿ ಮಾಡಿದೀನಿ,” ಎಂದರು ಅತ್ತೆ, ಮುಖ ತಿರುಗಿಸಿಕೊಂಡೇ. “ಮುಚ್ಚಳ ಮಾತ್ರ ಗಟ್ಟಿಯಾಗಿ ಹಾಕಿ ತಾ. ನನಗೂ ವಯಸ್ಸಾಯ್ತು, ಆ ವಾಸನೆ ತಡಿಯಕ್ಕಾಗಲ್ಲ.”

ಅವಳು ಡಬ್ಬಿಗಳನ್ನು ಚೀಲಕ್ಕೆ ತುಂಬಿ ಹೊರಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ತಮ್ಮ ಕೂತಿದ್ದ. ಗುಂಡಿ ಹೊಲಿಸಿದ್ದ ಕೆಲಸದ ಅಂಗಿ ತೊಟ್ಟು, ಬೂಟಿನ ದಾರ ಬಿಗಿಯುತ್ತಿದ್ದ.

“ಮಳೆ ನಿಂತು ವಾರದ ಮೇಲಾಯ್ತಲ್ಲ?” ಎಂದ. ಎಷ್ಟೋ ದಿನಗಳ ಮೇಲೆ ಅವಳೊಡನೆ ಆಡಿದ ಮೊದಲ ಮಾತು.

“ಆಯ್ತು. ನೀನೆಲ್ಲಿಗೆ?”

“ನಿನ್ನ ಜೊತೆ.”

“ಅಲ್ಲಿ ಸಿಕ್ಕಿಬಿಟ್ರೆ ನಿನಗೇ ತೊಂದರೆ ಕಣೋ.”

ಅವನು ದಾರಕ್ಕೆ ಇನ್ನೊಂದು ಗಂಟು ಹಾಕಿದ. ತಲೆ ಎತ್ತಲಿಲ್ಲ.

“ಸಿಕ್ರೂ ಸರಿ, ಸಿಗದಿದ್ರೂ ಸರಿ. ನಿನ್ನ ಒಬ್ಬಳನ್ನೇ ಕಳಿಸಿದ್ರೆ ನೀನು ಮತ್ತೆ ಬೇಗ ಬಂದುಬಿಡ್ತೀಯ.”

ತಮ್ಮ ಎದ್ದು ಅವಳ ಹೆಗಲಿನ ಚೀಲ ಬಿಡಿಸಿ ತಾನು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಮುಂದೆ ನಡೆದ.